ಓದದೆ ಕೊಯ್ದ ಪುಟಗಳು: ವಾಚನಾಲಯದ ಪುಸ್ತಕ ಆಯ್ಕೆ ಸಮಿತಿಗೆ ಒಂದು ಬಹಿರಂಗ ಪತ್ರ

ಗೆ,
ಅಧ್ಯಕ್ಷರು ಮತ್ತು ಸದಸ್ಯರು,
ಪುಸ್ತಕ ಆಯ್ಕೆ ಸಮಿತಿ,
ನಮ್ಮ ಬಡಾವಣೆಯ ವಾಚನಾಲಯ,
ಮೈಸೂರು.

ವಿಷಯ: ಓದುಗರ ಅಭಿಪ್ರಾಯ ಪುಸ್ತಕದಿಂದ ಪುಟಗಳನ್ನು ತೆಗೆದಿರುವುದು ಹಾಗೂ ಒಂದು ಕಾದಂಬರಿಯನ್ನು ಕಪಾಟಿನಿಂದ ಹಿಂಪಡೆದಿರುವುದು.

ಮಾನ್ಯರೇ,

ವಾಚನಾಲಯದ ಹೆಸರನ್ನು ಈ ಪತ್ರದಲ್ಲಿ ಬರೆದಿಲ್ಲ. ಅದು ನನ್ನ ವಾಚನಾಲಯವೂ ಹೌದು, ಅದರ ಹೆಸರು ಕೆಡಿಸುವುದು ನನ್ನ ಉದ್ದೇಶವಲ್ಲ. ಯಾರನ್ನು ಕುರಿತು ಬರೆದದ್ದೆಂದು ನಿಮಗೆ ತಿಳಿದರೆ ಸಾಕು. ಬರವಣಿಗೆಯಲ್ಲಿ ಕೊಟ್ಟ ಮನವಿಗೆ ಉತ್ತರ ಬರಲಿಲ್ಲ. ಎದುರು ಸಿಕ್ಕಾಗ ಕೇಳಿದರೆ ಸಮಿತಿಯ ತೀರ್ಮಾನ ಎಂದು ಮಾತು ಮುಗಿಸಿದಿರಿ. ತೀರ್ಮಾನಕ್ಕೊಂದು ಕಾರಣ ಇರಬೇಕಲ್ಲ, ಅದನ್ನು ಕೇಳುವ ಹಕ್ಕು ವರ್ಷವರ್ಷವೂ ಚಂದಾ ಕಟ್ಟುವ ಸದಸ್ಯರಿಗೆ ಇದೆಯಲ್ಲ ಎಂದುಕೊಂಡು ಇದನ್ನು ಎಲ್ಲರೆದುರು ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು. ಶನಿವಾರ ಸಂಜೆ ಸೇರುವ ನಮ್ಮ ಓದುಗರ ಕೂಟ ಈ ಸಲ ಎತ್ತಿಕೊಂಡದ್ದು ಎ. ಸಿ. ಕ್ರಿಸ್ಪಿನ್ ಅವರ ‘ಯೆಸ್ಟರ್‌ಡೇಸ್ ಸನ್’ ಎಂಬ ಇಂಗ್ಲಿಷ್ ಕಾದಂಬರಿಯನ್ನು. 1983ರಲ್ಲಿ ಬಂದದ್ದು, ‘ಸ್ಟಾರ್ ಟ್ರೆಕ್’ ಎಂಬ ಅಮೆರಿಕದ ಅಂತರಿಕ್ಷಯಾನದ ಟೀವಿ ಸರಣಿಯ ಪಾತ್ರಗಳನ್ನು ಇಟ್ಟುಕೊಂಡು ಬರೆದದ್ದು. ಪ್ರತಿ ವಾಚನಾಲಯಕ್ಕೆ ದಾನವಾಗಿ ಬಂದಿತ್ತು; ಬೆನ್ನಿಗೆ ಕಂದು ಟೇಪು ಅಂಟಿಸಿ, ಒಳಪುಟಕ್ಕೆ ಮೊಹರು ಒತ್ತಿ, ಕ್ರಮಸಂಖ್ಯೆ ಕೊಟ್ಟು ಕಪಾಟಿಗೆ ಸೇರಿಸಿದವರು ನಿಮ್ಮ ಸಿಬ್ಬಂದಿಯೇ. ಕೂಟದಲ್ಲಿ ಎಲ್ಲರಿಗೂ ಇಂಗ್ಲಿಷ್ ಸಲೀಸಲ್ಲ. ಹಾಗಾಗಿ ಗಮಕ ವಾಚನದಲ್ಲಿ ಒಬ್ಬರು ಓದಿ ಇನ್ನೊಬ್ಬರು ಅರ್ಥ ಹೇಳುವಂತೆ, ಇಂಜಿನಿಯರಿಂಗ್ ಓದುತ್ತಿರುವ ಹುಡುಗನೊಬ್ಬ ಒಂದೊಂದೇ ಅಧ್ಯಾಯ ಓದಿ ಕನ್ನಡದಲ್ಲಿ ವಿವರಿಸುತ್ತಾ ಹೋದ. ಪುಸ್ತಕ ಮುಗಿದ ಮೇಲೆ ಪ್ರತಿಯೊಬ್ಬರೂ ತಮ್ಮ ಅಭಿಪ್ರಾಯವನ್ನು ಅಭಿಪ್ರಾಯ ಪುಸ್ತಕದಲ್ಲಿ ಬರೆದು ಸಹಿ ಹಾಕಿದರು. ಇದು ಹೊಸ ಪದ್ಧತಿಯೇನಲ್ಲ. ನೀವೇ ಹಾಕಿಕೊಟ್ಟ ಪದ್ಧತಿ.

ಮುಂದಿನ ವಾರ ಹೋದಾಗ ಕಾದಂಬರಿ ಕಪಾಟಿನಲ್ಲಿ ಇರಲಿಲ್ಲ. ಸಿನಿಮಾ ಮತ್ತು ಟೀವಿ ಆಧರಿಸಿದ ಪುಸ್ತಕಗಳನ್ನು ಸಂಗ್ರಹದಲ್ಲಿ ಇಡುವುದಿಲ್ಲವೆಂಬ ಸೂಚನೆಯೊಂದು ಫಲಕದ ಮೇಲಿತ್ತು. ಅದನ್ನಾದರೂ ಒಂದು ಅಭಿಪ್ರಾಯಭೇದವೆಂದು ಬಿಡಬಹುದಿತ್ತು. ಆದರೆ ಅಭಿಪ್ರಾಯ ಪುಸ್ತಕ ತೆರೆದರೆ ನಮ್ಮ ಪುಟಗಳೇ ಇರಲಿಲ್ಲ. ಬ್ಲೇಡಿನಿಂದ ನೇರವಾಗಿ ಕೊಯ್ದಿದ್ದಾರೆ. ಹೊಲಿಗೆಯ ಬಳಿ ಹಾಳೆಗಳ ಬುಡ ಒಂದು ಬೆರಳಗಲ ಉಳಿದಿದೆ. ಕೂಟದಲ್ಲಿರುವ ಭೌತಶಾಸ್ತ್ರದ ನಿವೃತ್ತ ಉಪನ್ಯಾಸಕರು ಬಾಲ್‌ಪೆನ್ನನ್ನು ಬಲವಾಗಿ ಒತ್ತಿ ಬರೆಯುವವರು. ಅವರ ಬರಹದ ಅರ್ಧ ಭಾಗ ಮುಂದಿನ ಖಾಲಿ ಹಾಳೆಯ ಮೇಲೆ ಗುರುತು ಬಿಟ್ಟಿದೆ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಈಗಲೂ ಓದಬಹುದು. ತಮಾಷೆಯೆಂದರೆ ಅವರು ಬರೆದದ್ದು ಆ ಕಾದಂಬರಿಯ ವಿರುದ್ಧ! ನಿಮ್ಮ ಪರವಾಗಿ ಇದ್ದ ಏಕೈಕ ದೀರ್ಘ ಸಾಕ್ಷ್ಯವನ್ನೂ ನೀವೇ ಕೊಯ್ದು ಹಾಕಿದ್ದೀರಿ.

ಕಾದಂಬರಿಯ ಕೊನೆಯ ರಟ್ಟಿಗೆ ಅಂಟಿಸಿದ ಚೀಟಿಯನ್ನು ನಾನು ನೋಡಿದ್ದೇನೆ. ಎರವಲು ಪಡೆದವರ ದಿನಾಂಕಗಳೆಲ್ಲ ಕೂಟದವರವೇ. ಸಮಿತಿಯ ಒಬ್ಬರೂ ಅದನ್ನು ಮನೆಗೆ ಒಯ್ದಿಲ್ಲ. ವಾಚನಾಲಯದಲ್ಲೇ ಕುಳಿತು ಓದಿರಬಹುದೆಂದು ವಾದಿಸಬಹುದು. ಹಾಗಿದ್ದರೆ ನಿಮ್ಮ ಅಭಿಪ್ರಾಯವನ್ನೂ ಬರೆಯಿರಿ ಎಂದು ಕೇಳುತ್ತೇನೆ. ಓದಿಲ್ಲವಾದರೆ ಕಥೆಯೇನೆಂದು ನಾನೇ ಹೇಳಿಬಿಡುತ್ತೇನೆ, ಯಾಕೆಂದರೆ ಅದು ಶುರುವಾಗುವುದೇ ಒಂದು ಗ್ರಂಥಾಲಯದಿಂದ.

ಈ ಕಾದಂಬರಿಗೆ ಮೂಲ 1969ರ ಮಾರ್ಚ್ 14ರಂದು ಅಮೆರಿಕದಲ್ಲಿ ಪ್ರಸಾರವಾದ ಸ್ಟಾರ್ ಟ್ರೆಕ್‌ನ ಒಂದು ಕಂತು. ಸಾರ್ಪೀಡಾನ್ ಎಂಬ ಗ್ರಹ, ಅದರ ಸೂರ್ಯ ಇನ್ನೇನು ಸಿಡಿಯಲಿದ್ದಾನೆ. ಜನರೆಲ್ಲ ತಪ್ಪಿಸಿಕೊಂಡು ಹೋಗಿದ್ದಾರೆ, ಬೇರೆ ಗ್ರಹಕ್ಕಲ್ಲ, ತಮ್ಮದೇ ಗ್ರಹದ ಹಿಂದಿನ ಕಾಲಗಳಿಗೆ. ಯಾರು ಯಾವ ಕಾಲಕ್ಕೆ ಹೋಗಬೇಕೆಂದು ನೋಡಿ ಕಳುಹಿಸಿಕೊಟ್ಟವನು ಆ ಗ್ರಹದ ಮುದಿ ಗ್ರಂಥಪಾಲಕ. ಅವನ ಗ್ರಂಥಾಲಯವೇ ಕಾಲದ ಹೆಬ್ಬಾಗಿಲು. ಆ ಕಂತನ್ನು ಬರೆದ ಜೀನ್ ಲಿಸೆಟ್ ಅರೋಸ್ಟ್ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಗ್ರಂಥಪಾಲಕಿಯಾಗಿದ್ದವರು. ಯಾರೂ ಕೇಳದೆ ತಾವಾಗಿ ಬರೆದು ಕಳುಹಿಸಿದ ಕಥೆಗಳನ್ನು ಸರಣಿಯವರು ಒಪ್ಪಿಕೊಂಡರು. ಗ್ರಂಥಪಾಲಕಿಯೊಬ್ಬಳ ಕಲ್ಪನೆಯಿಂದ ಹೊರಟ ಕಥೆಗೆ ಗ್ರಂಥಾಲಯದಲ್ಲಿ ಜಾಗವಿಲ್ಲವೆಂದರೆ ಆಕೆ ಏನೆಂದುಕೊಳ್ಳುತ್ತಿದ್ದರೋ.

ಆ ಕಂತಿನಲ್ಲಿ ಸರಣಿಯ ಅಂತರಿಕ್ಷನೌಕೆಯ ಅಧಿಕಾರಿ ಸ್ಪಾಕ್ ಮತ್ತು ವೈದ್ಯ ಮಕಾಯ್ ಇಬ್ಬರೂ ಆಯತಪ್ಪಿ ಐದು ಸಾವಿರ ವರ್ಷ ಹಿಂದಿನ ಹಿಮಯುಗಕ್ಕೆ ಬೀಳುತ್ತಾರೆ. ಸ್ಪಾಕ್ ವಲ್ಕನ್ ಎಂಬ ಅನ್ಯಗ್ರಹದ ಕುಲದವನು. ತರ್ಕವೇ ಅವನ ಧರ್ಮ, ಸಿಟ್ಟು ಪ್ರೀತಿಗಳನ್ನು ಹೊರಗೆ ತೋರಿಸದಿರುವುದೇ ಮರ್ಯಾದೆ, ಊಟ ಶುದ್ಧ ಸಸ್ಯಾಹಾರ. ಆ ಕಾಲಕ್ಕೆ ಬಿದ್ದಮೇಲೆ ತನ್ನ ಒರಟು ಪೂರ್ವಜರಂತೆಯೇ ಆಗಿಬಿಡುತ್ತಾನೆ. ಅಲ್ಲಿ ಗಡೀಪಾರಾಗಿ ಒಂಟಿಯಾಗಿ ಬದುಕುತ್ತಿದ್ದ ಝಾರಾಬೆತ್ ಎಂಬ ಹೆಣ್ಣನ್ನು ಪ್ರೀತಿಸುತ್ತಾನೆ, ಮಾಂಸ ತಿನ್ನುತ್ತಾನೆ, ಕೊನೆಗೆ ಅವಳನ್ನು ಬಿಟ್ಟು ಹಿಂತಿರುಗುತ್ತಾನೆ. (ಮಾಂಸದ ವಿಷಯಕ್ಕೆ ನಮ್ಮ ಕೂಟದ ಹಿರಿಯರೊಬ್ಬರು ಮುಖ ಗಂಟಿಕ್ಕಿದರು, ಐದು ಸಾವಿರ ವರ್ಷ ಹಿಂದಕ್ಕೆ ಹೋದರೆ ನಮ್ಮ ಅಗ್ರಹಾರದವರೂ ಅದನ್ನೇ ತಿನ್ನುತ್ತಿದ್ದರು ಎಂದು ಇನ್ನೊಬ್ಬರು ಸಮಾಧಾನ ಹೇಳಿದರು.) ಕಂತು ಅಲ್ಲಿಗೆ ಮುಗಿಯಿತು. ಸರಣಿಯೂ ಅದೇ ವರ್ಷ ನಿಂತುಹೋಯಿತು.

ಕ್ರಿಸ್ಪಿನ್ ಕೇಳಿದ ಪ್ರಶ್ನೆ, ಆಮೇಲೆ ಆ ಹೆಣ್ಣಿನ ಗತಿ ಏನು ಎಂಬುದು. ಸಾರ್ಪೀಡಾನಿನ ಗುಹೆಯಲ್ಲಿ ಸಿಕ್ಕ ಹಳೆಯ ಚಿತ್ರಗಳ ಪಟವನ್ನು ನೋಡುವಾಗ ಸ್ಪಾಕ್‌ಗೆ ಅದರಲ್ಲಿ ತನ್ನ ಕುಲದ ಮುಖವೊಂದು ಕಾಣಿಸುತ್ತದೆ. ತನಗೊಬ್ಬ ಮಗ ಹುಟ್ಟಿದ್ದ, ಬದುಕಿದ್ದ, ಐದು ಸಾವಿರ ವರ್ಷಗಳ ಹಿಂದೆಯೇ ತೀರಿಕೊಂಡಿದ್ದ ಎಂದು ಆಗ ತಿಳಿಯುತ್ತದೆ. ಇನ್ನೊಂದು ಗ್ರಹದಲ್ಲಿರುವ ಕಾಲದ್ವಾರದ ಮೂಲಕ ಅವನನ್ನು ಕರೆತರಲು ಹೊರಡುತ್ತಾನೆ. ಎಳೆಯ ಮಗುವನ್ನು ಎತ್ತಿಕೊಂಡು ಬರಬೇಕೆಂದು ಹೋದವನಿಗೆ ಸಿಗುವುದು ಬೆಳೆದು ನಿಂತ ಗಂಡಸು, ಹೆಸರು ಝಾರ್. ತಾಯಿ ಸತ್ತು ವರ್ಷಗಳಾಗಿವೆ. ಇಷ್ಟು ಕಾಲ ತಂದೆಯನ್ನು ಮನಸ್ಸಿನಲ್ಲೇ ಕಟ್ಟಿಕೊಂಡಿದ್ದ ಮಗನಿಗೆ ಸಿಗುವುದು ಭಾವನೆ ತೋರಿಸಲು ಬಾರದ ತಂದೆ. ಆಮೇಲೆ ರೊಮುಲನ್ ಶತ್ರುಗಳು ಬರುತ್ತಾರೆ, ಯುದ್ಧವಾಗುತ್ತದೆ. ಕೊನೆಗೆ ಝಾರ್ ತನ್ನ ಕಾಲಕ್ಕೇ ಹಿಂತಿರುಗುತ್ತಾನೆ, ಅಲ್ಲಿನ ಕಣಿವೆಯೊಂದರ ಜನ ಏಕಾಏಕಿ ಮುಂದುವರಿದದ್ದಕ್ಕೆ ತಾನೇ ಕಾರಣವಿರಬೇಕೆಂದು ಇತಿಹಾಸ ಓದಿ ತಿಳಿದು.

ಇನ್ನು ನೀವು ಕೊಯ್ದು ಹಾಕಿದ ಅಭಿಪ್ರಾಯಗಳು. ನನಗೆ ನೆನಪಿರುವಷ್ಟನ್ನು, ಬರೆದವರ ಒಪ್ಪಿಗೆ ಪಡೆದು, ಇಲ್ಲಿ ಹೇಳುತ್ತೇನೆ.

ಉಪನ್ಯಾಸಕರ ತಕರಾರು ಕಾಲದ್ವಾರದ ಮೇಲೆ. ಮುಂದಿನ ಕಾಲಕ್ಕೆ ಜಾರುವುದನ್ನು ಭೌತಶಾಸ್ತ್ರ ಒಪ್ಪುತ್ತದೆ ಎಂದು ಅವರು ಹುಡುಗನ ಮೊಬೈಲ್ ಕೈಗೆತ್ತಿಕೊಂಡು ವಿವರಿಸಿದರು. ದಾರಿ ತೋರಿಸುವ ಜಿಪಿಎಸ್ ಉಪಗ್ರಹಗಳ ಗಡಿಯಾರಗಳು ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡು ಮುಂದೆ ಓಡುತ್ತವೆ. ಅದನ್ನು ಐನ್‌ಸ್ಟೀನ್ ಹೇಳಿದ ಲೆಕ್ಕದಲ್ಲಿ ಸರಿಪಡಿಸದಿದ್ದರೆ ಚಾಮುಂಡಿ ಬೆಟ್ಟಕ್ಕೆಂದು ಹೊರಟವನು ಎಲ್ಲಿಗೋ ಹೋಗಿ ನಿಲ್ಲುತ್ತಾನೆ. ಆದರೆ ಹಿಂದಿನ ಕಾಲಕ್ಕೆ ಯಾರೂ ಹೋದದ್ದಕ್ಕೆ ಪುರಾವೆಯಿಲ್ಲ, ಕಾದಂಬರಿ ಅದನ್ನು ವಿವರಿಸುವ ಗೋಜಿಗೂ ಹೋಗುವುದಿಲ್ಲ, ಬಾಗಿಲಿದೆ ನುಗ್ಗಿ ಎನ್ನುತ್ತದೆ ಅಷ್ಟೆ ಎಂಬುದು ಅವರ ದೂರು. ಹುಡುಗ ಬಿಡಲಿಲ್ಲ. 1949ರಲ್ಲಿ ಗಣಿತಜ್ಞ ಗೋಡೆಲ್ ಐನ್‌ಸ್ಟೀನರ ಸಮೀಕರಣಗಳಿಗೇ ಒಂದು ಪರಿಹಾರ ಕೊಟ್ಟು, ತಿರುಗುವ ವಿಶ್ವವೊಂದರಲ್ಲಿ ಹೊರಟ ಕ್ಷಣಕ್ಕೇ ವಾಪಸು ಬರುವ ದಾರಿಗಳು ಇರಲು ಸಾಧ್ಯವೆಂದು ತೋರಿಸಲಿಲ್ಲವೇ ಎಂದ. ತೋರಿಸಿದರು, ನಮ್ಮ ವಿಶ್ವ ಹಾಗೆ ತಿರುಗುತ್ತಿಲ್ಲವಲ್ಲ, ಎಂದು ಇವರು. ಅಂದು ದೀಪ ಆರಿಸುವ ಹೊತ್ತಾದರೂ ಇಬ್ಬರೂ ಎದ್ದಿರಲಿಲ್ಲ. ನಮ್ಮ ವಾಚನಾಲಯದಲ್ಲಿ ಗೋಡೆಲ್ ಹೆಸರು ಕೇಳಿಬಂದ ಬೇರೆ ಸಂಜೆ ನನಗೆ ಗೊತ್ತಿಲ್ಲ. ಅದು ಕೇಳಿಬಂದದ್ದು ನೀವು ಅಗ್ಗದ ಪುಸ್ತಕವೆಂದು ತೆಗೆದಿಟ್ಟ ಕಾದಂಬರಿಯ ದೆಸೆಯಿಂದ.

ಸೇನೆಯಿಂದ ನಿವೃತ್ತರಾದವರೊಬ್ಬರು ಭೌತಶಾಸ್ತ್ರದ ತಂಟೆಗೇ ಹೋಗಲಿಲ್ಲ. ಗಡಿಯಿಂದ ರಜೆಗೆ ಬಂದಾಗಲೆಲ್ಲ ಮಗಳು ಅಡುಗೆಮನೆಯ ಬಾಗಿಲ ಹಿಂದೆ ನಿಂತು ತಮ್ಮನ್ನು ನೋಡುತ್ತಿದ್ದಳು, ಹತ್ತಿರ ಬರುವಷ್ಟು ಸಲಿಗೆ ಹುಟ್ಟುವ ಹೊತ್ತಿಗೆ ರಜೆ ಮುಗಿಯುತ್ತಿತ್ತು, ಮುಂದಿನ ಸಲ ಅವಳು ಮತ್ತೆ ಬೇರೆ ಹುಡುಗಿ ಎಂದು ಬರೆದರು. ತಡವಾಗಿ ತಲುಪಿದ ತಂದೆಯ ಪಾತ್ರ ಅರ್ಥವಾಗಲು ತಮಗೆ ಯಾವ ಯಂತ್ರವೂ ಬೇಕಾಗಲಿಲ್ಲವೆಂದು ಕೊನೆಯ ಸಾಲು. ಆ ಬರಹದಲ್ಲಿ ಆಕ್ಷೇಪಾರ್ಹವಾದದ್ದು ಏನಿತ್ತೆಂದು ದಯವಿಟ್ಟು ತಿಳಿಸಿ. ಅವರು ಸದಸ್ಯರಾದ ಮೇಲೆ ಅಭಿಪ್ರಾಯ ಪುಸ್ತಕದಲ್ಲಿ ಬರೆದದ್ದೇ ಅದೊಂದು.

ತಡವಾಗಿ ತಲುಪಿದರೆ ಮತ್ತೊಮ್ಮೆ ನುಗ್ಗಿ ಮಗು ಸಿಗುವ ವರ್ಷಕ್ಕೆ ಹೋಗಬಾರದೇ ಎಂಬ ಪ್ರಶ್ನೆಗೆ ಎರಡು ಉತ್ತರ ಬಂದವು. ಕಾಲದ್ವಾರ ಮೊದಲು ಕಾಣಿಸಿಕೊಂಡ 1967ರ ಕಂತಿನಲ್ಲೇ ಅದರೊಳಗೆ ಶತಮಾನಗಳು ಸರಸರನೆ ಹರಿದುಹೋಗುತ್ತವೆ, ವೇಗ ತಗ್ಗಿಸಲು ಆಗುವುದಿಲ್ಲ, ಸರಿಯಾದ ಕ್ಷಣಕ್ಕೆ ಜಿಗಿಯುವುದು ಜಿಗಿಯುವವನ ಅದೃಷ್ಟ ಎಂದು ಒಬ್ಬರು. ಅದಲ್ಲ ಸಂಗತಿ, ಮಗುವನ್ನು ತಂದರೆ ಎದುರಿಗೆ ನಿಂತಿರುವ ಈ ಗಂಡಸು ಇಲ್ಲವಾಗುತ್ತಾನಲ್ಲ, ಅದು ಕೊಲೆಯಲ್ಲವೇ ಎಂದು ಇನ್ನೊಬ್ಬರು. ಎರಡನೆಯದನ್ನು ಕೇಳಿದವರು ಶಾಲೆ ಬಿಟ್ಟು ಹೊಲಿಗೆ ಕಲಿತು ಅಂಗಡಿ ನಡೆಸುವ ಹೆಂಗಸು.

ಕಕುದ್ಮಿಯ ಕಥೆ ಬರದೆ ಇರುತ್ತದೆಯೇ? ಮಗಳು ರೇವತಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋದ ರಾಜ ಅಲ್ಲಿ ಸ್ವಲ್ಪ ಹೊತ್ತು ಗಾನ ಕೇಳುತ್ತಾ ಕಾಯುವಷ್ಟರಲ್ಲಿ ಭೂಮಿಯಲ್ಲಿ ಯುಗಗಳೇ ಉರುಳಿ, ಅವನು ಲೆಕ್ಕ ಹಾಕಿದ್ದ ವರರೆಲ್ಲ ಮಣ್ಣಾಗಿದ್ದರು ಎಂದು ಭಾಗವತದಲ್ಲಿದೆ. ಇದನ್ನು ಎತ್ತಿದ ಅಜ್ಜಿಗೆ ನಮ್ಮಲ್ಲಿ ಮೊದಲೇ ಇತ್ತು ಎಂಬ ಜಂಭ ಬೇಕಿರಲಿಲ್ಲ. ಅಷ್ಟು ದೂರ ಹೋಗಿ ಬಂದ ಕಥೆಯಲ್ಲಿ ರೇವತಿಗೆ ಏನನ್ನಿಸಿತೆಂದು ಯಾರಾದರೂ ಕೇಳಿದರೇ, ಈ ಪುಸ್ತಕದವಳು ಆ ಝಾರ್ ಎಂಬ ಮಗನನ್ನು ಕೇಳಿದ್ದಾಳೆ, ಅದು ನನಗೆ ಹಿಡಿಸಿತು ಎಂದರು. ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನಂತೂ ಬರೆಯಲಾರೆ.

ಹುಡುಗನ ಸ್ವಂತ ಅಭಿಪ್ರಾಯ ಕಟುವಾಗಿತ್ತು, ನಾನೂ ಅದನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಉತ್ತರಾರ್ಧದ ಯುದ್ಧ ಟೀವಿಯ ಅಭ್ಯಾಸ, ಅರ್ಧಕ್ಕೆ ಅರ್ಧ ಕತ್ತರಿಸಿದರೂ ಕಥೆಗೆ ನಷ್ಟವಿಲ್ಲ. ಮೂಲ ಸರಣಿ ನೋಡದವರಿಗೆ ಮೊದಲ ಅಧ್ಯಾಯಗಳಲ್ಲಿ ತಲೆಬುಡ ತಿಳಿಯುವುದಿಲ್ಲ. (ಎಂಬತ್ತರ ದಶಕದ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ನೋಡಿದ ನೆನಪಿದ್ದ ನಮ್ಮಂಥವರು ಪಕ್ಕದವರಿಗೆ ಪಿಸುಗುಟ್ಟಿ ಹೇಳಬೇಕಾಯಿತು.) ಇಂಥ ಕಾದಂಬರಿಗಳಿಗೆ ಹುಟ್ಟಿನಿಂದಲೇ ಅಂಟಿದ ಇನ್ನೊಂದು ದೋಷವನ್ನೂ ಅವನು ಗುರುತಿಸಿದ. ಪಾತ್ರಗಳು ಬೇರೆಯವರ ಆಸ್ತಿ. ಕೊನೆಯ ಪುಟದಲ್ಲಿ ಅವರನ್ನು ಇದ್ದ ಹಾಗೆಯೇ ಮಾಲೀಕರಿಗೆ ಒಪ್ಪಿಸಬೇಕು. ಹಾಗಾಗಿ ನಾಯಕ ಸಾಯುವುದಿಲ್ಲ, ಕೆಡುವುದಿಲ್ಲ, ನಿಜವಾಗಿ ಬದಲಾಗುವುದೂ ಇಲ್ಲ. ಕ್ರಿಸ್ಪಿನ್ ಈ ಬೇಲಿಯನ್ನು ದಾಟಿದ್ದು ತನ್ನದೇ ಪಾತ್ರವೊಂದನ್ನು ತಂದು, ಬದಲಾಗುವ ಹೊರೆಯನ್ನೆಲ್ಲ ಅವನ ಮೇಲೆ ಹಾಕಿ. ಝಾರ್ ಇರುವ ಪುಟಗಳೆಲ್ಲ ಉಸಿರಾಡುತ್ತವೆ, ಅವನಿಲ್ಲದವು ಬರೀ ಓಡುತ್ತವೆ.

ಇಷ್ಟು ಭಿನ್ನವಾದ ಮಾತುಗಳನ್ನು ಒಂದೇ ಬ್ಲೇಡು ಕೊಯ್ದಿದೆ. ನೀವು ಕಾರಣವೆಂದು ಫಲಕದಲ್ಲಿ ಹಾಕಿದ್ದು ಪುಸ್ತಕದ ಹುಟ್ಟನ್ನು. ಟೀವಿಯಿಂದ ಬಂದದ್ದು ಸಾಹಿತ್ಯವಲ್ಲ ಎಂಬುದು ನಿಮ್ಮ ನಿಲುವು ಎಂದುಕೊಳ್ಳೋಣ. ಮಂಡ್ಯದಲ್ಲಿ ಹುಟ್ಟಿ ನಮ್ಮೂರಿನಲ್ಲಿ ಬಾಳಿದ ತ್ರಿವೇಣಿಯವರ ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲರು 1967ರಲ್ಲಿ ‘ಬೆಳ್ಳಿಮೋಡ’, 1971ರಲ್ಲಿ ‘ಶರಪಂಜರ’ ತೆಗೆದರು. ಪುಸ್ತಕದಿಂದ ತೆರೆಗೆ ಹೋದಾಗ ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ, ನಿಮ್ಮ ಕಪಾಟಿನಲ್ಲೂ ಆ ಚಿತ್ರಗಳ ಬಗೆಗಿನ ಪುಸ್ತಕಗಳಿವೆ. ತೆರೆಯಿಂದ ಪುಸ್ತಕಕ್ಕೆ ಬಂದರೆ ಮಾತ್ರ ಮೈಲಿಗೆಯೇ? ಕುಮಾರವ್ಯಾಸನೂ ಇನ್ನೊಬ್ಬರ ಕಥೆಯಲ್ಲೇ ಹಾಡಿದವನಲ್ಲವೇ ಎಂದು ಕೂಟದಲ್ಲಿ ಒಬ್ಬರು ಕೇಳಿದರು. ಅದು ಸ್ವಲ್ಪ ಹೆಚ್ಚಾಯಿತೆಂದು ನನಗನ್ನಿಸುತ್ತದೆ, ಆ ವಾದವನ್ನು ನಿಮ್ಮ ಮುಂದೆ ಇಡುತ್ತಿಲ್ಲ. ಇನ್ನೊಂದನ್ನು ಇಡುತ್ತೇನೆ. ಬ್ರಿಟನ್ನಿನ ಬಿಬಿಸಿ 1963ರಲ್ಲಿ ಆರಂಭಿಸಿದ ‘ಡಾಕ್ಟರ್ ಹೂ’ ಎಂಬ ಕಾಲಯಾನದ ಸರಣಿಯ ಹಳೆಯ ಕಂತುಗಳಲ್ಲಿ ಹಲವನ್ನು ಆ ಸಂಸ್ಥೆಯೇ ಅಳಿಸಿಹಾಕಿತು. ಟೇಪು ದುಬಾರಿ, ಮತ್ತೆ ಯಾರು ನೋಡುತ್ತಾರೆ ಎಂಬ ಲೆಕ್ಕ. ಆ ಕಥೆಗಳನ್ನು 1973ರಿಂದ ಟಾರ್ಗೆಟ್ ಎಂಬ ಪ್ರಕಾಶನದ ಹೆಸರಿನಲ್ಲಿ ಸಣ್ಣ ಕಾದಂಬರಿಗಳಾಗಿ ತಂದರು, ಟೆರೆನ್ಸ್ ಡಿಕ್ಸ್ ಎಂಬ ಲೇಖಕರೊಬ್ಬರೇ ಅರವತ್ತಕ್ಕೂ ಹೆಚ್ಚು ಬರೆದರು. ಚಿತ್ರ ಅಳಿದ ಕಡೆ ಕಥೆಯನ್ನು ಮಕ್ಕಳ ಕೈಗೆ ಮುಟ್ಟಿಸಿದ್ದು ಇಂಥ ಅಗ್ಗದ ಪುಸ್ತಕಗಳೇ.

ಹಣಕ್ಕಾಗಿ ಬರೆದದ್ದು ಎಂಬ ಮಾತನ್ನೂ ನಿಮ್ಮಲ್ಲೊಬ್ಬರು ಆಡಿದ್ದು ನನ್ನ ಕಿವಿಗೆ ಬಿದ್ದಿದೆ. ‘ಯೆಸ್ಟರ್‌ಡೇಸ್ ಸನ್’ ಕ್ರಿಸ್ಪಿನ್ ಅವರ ಮೊದಲ ಕಾದಂಬರಿ. ನ್ಯೂಯಾರ್ಕ್ ಟೈಮ್ಸ್‌ನ ಹೆಚ್ಚು ಮಾರಾಟವಾಗುವ ಪುಸ್ತಕಗಳ ಪಟ್ಟಿಗೂ ಏರಿತು, ಹಣವೂ ಬಂದಿರಬೇಕು. ಅದೇ ಲೇಖಕಿ 1998ರಲ್ಲಿ ವಿಕ್ಟೋರಿಯಾ ಸ್ಟ್ರಾಸ್ ಅವರ ಜೊತೆ ಸೇರಿ, ಹೊಸ ಲೇಖಕರಿಂದ ದುಡ್ಡು ಕಿತ್ತು ವಂಚಿಸುವ ಪ್ರಕಾಶಕರ, ದಲ್ಲಾಳಿಗಳ ಬಣ್ಣ ಬಯಲು ಮಾಡುವ ಕೆಲಸ ಶುರುಮಾಡಿ 2013ರಲ್ಲಿ ತೀರಿಕೊಳ್ಳುವವರೆಗೂ ನಡೆಸಿದರು. ಹಣ ಪಡೆಯದೆ ಬರೆದವರ ಪುಸ್ತಕಗಳನ್ನಷ್ಟೇ ಇಡುತ್ತೇವೆಂದರೆ ಕಪಾಟುಗಳನ್ನೇ ಮಾರಬೇಕಾದೀತು.

ಈ ಊರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ಒಬ್ಬ ಪಂಡಿತರು ತಂದುಕೊಟ್ಟ ಓಲೆಗಳ ಕಟ್ಟನ್ನು ಆರ್. ಶಾಮಶಾಸ್ತ್ರಿಗಳು ಕೂತು ಓದಿದ್ದರಿಂದ ಕೌಟಿಲ್ಯನ ಅರ್ಥಶಾಸ್ತ್ರ 1909ರಲ್ಲಿ ಅಚ್ಚಾಯಿತು. ನಮ್ಮ ಕೂಟದ ಬರಹಗಳು ಅರ್ಥಶಾಸ್ತ್ರವಲ್ಲ, ಅಷ್ಟು ವಿವೇಕ ನನಗಿದೆ. ಆದರೆ ಓದಿದ ಮೇಲೆ ತೀರ್ಮಾನಿಸುವುದು ಈ ಊರಿನವರಿಗೆ ಯಾರೂ ಹೊಸದಾಗಿ ಕಲಿಸಬೇಕಾದ ವಿದ್ಯೆಯಲ್ಲ.

ಆದ್ದರಿಂದ ನನ್ನ ಬೇಡಿಕೆಗಳು. ಕೊಯ್ದ ಹಾಳೆಗಳು ಉಳಿದಿದ್ದರೆ ಅವನ್ನು ಅಭಿಪ್ರಾಯ ಪುಸ್ತಕಕ್ಕೆ ಮರಳಿ ಅಂಟಿಸಿ. ರದ್ದಿಗೆ ಹೋಗಿದ್ದರೆ ಹಾಗೆಂದು ಬರೆದು ತಿಳಿಸಿ, ಬರೆದವರಿಗೆ ಮತ್ತೆ ಬರೆಯಲು ಜಾಗ ಕೊಡಿ. ಸೇನೆಯವರು ಮತ್ತೆ ಬರೆಯುತ್ತಾರೋ ಇಲ್ಲವೋ ನಾನು ಹೇಳಲಾರೆ, ಅವರನ್ನು ನೀವೇ ಕೇಳಬೇಕು. ಕಾದಂಬರಿಯನ್ನು ಕಪಾಟಿಗೆ ಸೇರಿಸಿ. ಟೀವಿ, ಸಿನಿಮಾ ಆಧರಿಸಿದ ಪುಸ್ತಕಗಳು ಬೇಡವೆಂಬುದೇ ನಿಯಮವಾದರೆ ಅದನ್ನು ಸರ್ವಸದಸ್ಯರ ಸಭೆಯ ಮುಂದೆ ಇಟ್ಟು ಒಪ್ಪಿಗೆ ಪಡೆಯಿರಿ. ಆಗ ಬಾಗಿಲ ಬಳಿಯ ಕಪಾಟಿನಲ್ಲಿರುವ ಚಿತ್ರಗೀತೆಗಳ ಸಂಪುಟಗಳನ್ನೂ ಪೌರಾಣಿಕ ಧಾರಾವಾಹಿಯ ಚಿತ್ರಗಳಿಂದ ಮಾಡಿದ ಮಕ್ಕಳ ಪುಸ್ತಕಗಳನ್ನೂ ಅದೇ ನಿಯಮದಡಿ ಏನು ಮಾಡುತ್ತೀರೆಂದು ಹೇಳಬೇಕಾಗುತ್ತದೆ. ಆಯ್ಕೆ ಸಮಿತಿಯಲ್ಲಿ ಓದುಗರ ಕೂಟದ ಒಬ್ಬರಿಗೆ ಸ್ಥಾನ ಕೊಡಿ. ನನಗಲ್ಲ. ಆ ಅಜ್ಜಿಗೆ ಕೊಟ್ಟರೆ ಸಮಿತಿಗೆ ಒಳ್ಳೆಯದಾಗುತ್ತದೆ.

ಉತ್ತರವನ್ನು ನನ್ನ ಮನೆಗೆ ಕಳುಹಿಸುವುದು ಬೇಡ, ಫಲಕದ ಮೇಲೆ ಹಾಕಿ. ಈ ಕಾದಂಬರಿಗೆ 1988ರಲ್ಲಿ ಬಂದ ಮುಂದಿನ ಭಾಗವೊಂದಿದೆ, ಅದನ್ನು ಹುಡುಗ ಎಲ್ಲಿಂದಲೋ ಸಂಪಾದಿಸಿದ್ದಾನೆ. ಶನಿವಾರದಿಂದ ಓದು ಶುರು. ನಿಮ್ಮಲ್ಲಿ ಯಾರು ಬಂದರೂ ಕುರ್ಚಿ ಇದೆ. ಕಾಲದ್ವಾರದ ಮೇಲಿನ ತಮ್ಮ ಆಕ್ಷೇಪಣೆಯನ್ನು ಹೊಸದಾಗಿ ಬರೆಯಲು ಉಪನ್ಯಾಸಕರು ಸಿದ್ಧರಿದ್ದಾರೆ. ಈ ಸಲ ಅದು ಹಿಂದಿನದಕ್ಕಿಂತ ಉದ್ದವಾಗಿರುತ್ತದೆಂದು ನಿಮಗೆ ತಿಳಿಸಲು ಹೇಳಿದ್ದಾರೆ.

ಇತಿ ತಮ್ಮ ವಿಶ್ವಾಸಿ,
ಓದುಗರ ಕೂಟದ ಒಬ್ಬ ಸದಸ್ಯೆ,
ಮೈಸೂರು.